ಅನಿಯಮಿತ 5ಜಿ ಇರುವಾಗ ಮನೆಗೆ ಫೈಬರ್ ಬೇಕೆ?

ಓದುಗರ ಪ್ರಶ್ನೆ: ಬನಶಂಕರಿ ಮೂರನೇ ಹಂತದಲ್ಲಿ ನಮ್ಮದು ಬಾಡಿಗೆ ಮನೆ, ಮೊದಲ ಮಹಡಿ. ನಾನೂ ಪತಿಯೂ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇವೆ. ಇಬ್ಬರ ಫೋನಿನಲ್ಲೂ ಅನಿಯಮಿತ 5ಜಿ ಇದೆ. ಫೈಬರ್ ಇಂಟರ್‌ನೆಟ್ಟಿನ ತಂತಿ ಎಳೆಯಲು ಗೋಡೆ ಕೊರೆಯಬೇಕು, ಅದಕ್ಕೆ ಮಾಲೀಕರು ಬಿಡುತ್ತಿಲ್ಲ. ಫೋನಿನ ಇಂಟರ್‌ನೆಟ್ಟನ್ನೇ ಲ್ಯಾಪ್‌ಟಾಪ್‌ಗೆ ಹಂಚುವ ಹಾಟ್‌ಸ್ಪಾಟ್‌ನಲ್ಲೇ ಕಾಲ ಹಾಕಿದರೆ ಆಗದೆ?

ನೀವೊಬ್ಬರೇ ಇದ್ದಿದ್ದರೆ ಆಗುತ್ತದೆ ಎಂದುಬಿಡುತ್ತಿದ್ದೆ. ಇಬ್ಬರಿದ್ದೀರಿ, ಇಬ್ಬರಿಗೂ ಮೀಟಿಂಗ್‌ಗಳಿವೆ. ಹಾಗಾಗಿ ನನ್ನ ಉತ್ತರ, ಆಗುವುದಿಲ್ಲ ಎಂದೇ. ಆದರೆ ತೊಡಕಿರುವುದು ವೇಗದಲ್ಲಲ್ಲ, ‘ಅನಿಯಮಿತ’ಕ್ಕೆ ಅಂಟಿಕೊಂಡಿರುವ ಷರತ್ತಿನಲ್ಲಿ ಮತ್ತು ನಿಮ್ಮ ಮನೆಯ ಗೋಡೆಯಲ್ಲಿ.

2022ರ ಅಕ್ಟೋಬರ್‌ನಲ್ಲಿ ಏರ್‌ಟೆಲ್ 5ಜಿ ಆರಂಭಿಸಿದ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ಮರು ತಿಂಗಳು ಜಿಯೋ ಇಲ್ಲಿಗೆ ಬಂತು. ಮೊದಮೊದಲು ಹೆಚ್ಚುಕಡಿಮೆ ಎಲ್ಲರಿಗೂ ಧಾರಾಳವಾಗಿ ಸಿಗುತ್ತಿದ್ದ 5ಜಿ, 2024ರ ಜುಲೈನಲ್ಲಿ ದರ ಏರಿದಾಗ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಡೇಟಾ ಇರುವ ಯೋಜನೆಗಳಿಗೆ ಸೀಮಿತವಾಯಿತು. ಫೋನು 5ಜಿಯಲ್ಲಿ ಇರುವವರೆಗೆ ಮಾತ್ರ ಲೆಕ್ಕವಿಲ್ಲ. 4ಜಿಗೆ ಜಾರಿದ ಕ್ಷಣದಿಂದ ಆ 2 ಜಿಬಿ ಕರಗತೊಡಗುತ್ತದೆ. ಅದೂ ಮುಗಿದರೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಒಂದು ಎಂಬಿಯ ಚಿತ್ರ ಬರುವುದಕ್ಕೆ ಎರಡು ನಿಮಿಷ.

ಫೋನು ಜಾರುವುದು ಎಲ್ಲಿ? ಬಹುಪಾಲು ಮನೆಯೊಳಗೆ. ನಮ್ಮಲ್ಲಿ 5ಜಿ ಹೆಚ್ಚಾಗಿ 3,300 ಮೆಗಾಹರ್ಟ್ಸ್‌ನಿಂದ ಮೇಲಿನ ತರಂಗಾಂತರದಲ್ಲಿ ಓಡುತ್ತದೆ. ಅಷ್ಟು ಮೇಲಿನ ಅಲೆಗಳು ಬಯಲಲ್ಲಿ ಹುಲಿ, ಕಾಂಕ್ರೀಟ್ ಎದುರಾದರೆ ಇಲಿ. ಜಿಯೋ ಬಳಿ 700 ಮೆಗಾಹರ್ಟ್ಸ್ ಕೂಡ ಇದೆ. ಅದು ಗೋಡೆ ದಾಟುವುದರಲ್ಲಿ ಜಾಣ, ಆದರೆ ಡೇಟಾ ಹೊರುವ ಶಕ್ತಿ ಕಡಿಮೆ. ಬೆಂಗಳೂರಿನ ಮೂವತ್ತು–ನಲವತ್ತು ಅಡಿಯ ನಿವೇಶನಗಳನ್ನು ನೆನೆಸಿಕೊಳ್ಳಿ: ಒಂದಿಂಚೂ ಬಿಡದೆ ಕಟ್ಟಿದ ಮೂರು ಮಹಡಿ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆಟುಕುತ್ತದೆ. ಅಂಥ ಮನೆಯ ನಡುಕೋಣೆಗೆ ಸಿಗ್ನಲ್ ಬಸವಳಿದೇ ಬರುತ್ತದೆ. ಒಂದೇ ಕಟ್ಟಡದ ಮೂರನೇ ಮಹಡಿಯವರು ಹೊಗಳುವ ಕಂಪನಿಯನ್ನು ನೆಲಮಹಡಿಯವರು ಬೈಯುವುದು ಇದಕ್ಕೇ.

ಈಗ ನಿಮ್ಮ ಬಳಕೆಯನ್ನು ಅಂದಾಜು ಮಾಡೋಣ. ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ ನುಂಗುತ್ತದೆ. ಇಬ್ಬರಿಗೂ ತಲಾ ಮೂರು ಗಂಟೆ ಎಂದರೆ 6 ಜಿಬಿ. ರಾತ್ರಿ ಟಿ.ವಿ.ಯಲ್ಲಿ ಎಚ್‌ಡಿ ಗುಣಮಟ್ಟದ ಸಿನಿಮಾ ಹಾಕಿದರೆ ಗಂಟೆಗೆ 3 ಜಿಬಿವರೆಗೆ ಹೋಗಬಹುದು. ಹೀಗೆ ಹನ್ನೆರಡರ ಹತ್ತಿರ ಹೋಗುವ ದಿನವನ್ನು ಇಬ್ಬರ ನಾಲ್ಕು ಜಿಬಿಯಲ್ಲಿ ತೂಗಿಸಲಾಗದು. ಫೋನು ದಿನವಿಡೀ 5ಜಿ ಬಿಟ್ಟು ಕದಲದಿದ್ದರಷ್ಟೇ ಈ ಲೆಕ್ಕ ಕೂಡಿಬರುತ್ತದೆ.

ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಇಂಟರ್‌ನೆಟ್ ವೇಗ ಅಳೆಯುವ ಸ್ಪೀಡ್ ಟೆಸ್ಟ್‌ನಲ್ಲಿ ಕಣ್ಣು ಕುಕ್ಕುವ ಅಂಕಿ ಡೌನ್‌ಲೋಡ್‌ನದು. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ, ಪರದೆ ಹೊರಗೆ ಹೋಗುವುದು ಅಪ್‌ಲೋಡ್‌ನಲ್ಲಿ. 5ಜಿ ತನ್ನ ಸಮಯದ ದೊಡ್ಡ ಪಾಲನ್ನು ಡೌನ್‌ಲೋಡ್‌ಗೆ ಕೊಡುತ್ತದೆ, ಜೊತೆಗೆ ನಿಮ್ಮ ಪುಟ್ಟ ಫೋನು ದೂರದ ಟವರಿಗೆ ಕೂಗಿ ಹೇಳಬೇಕು. ಆದ್ದರಿಂದ ನಿಮಗೆ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ನಿಮ್ಮ ಮಾತು ಮಾತ್ರ ಅವರಿಗೆ ತುಂಡುತುಂಡಾಗಿ ತಲುಪುತ್ತಿರುತ್ತದೆ. ಸಂಜೆಯ ಹೊತ್ತು ಇಡೀ ಬಡಾವಣೆ ಅದೇ ಟವರನ್ನು ಹಂಚಿಕೊಳ್ಳುವುದು ಬೇರೆ.

ಇಷ್ಟು ಹೇಳಿದ ಮೇಲೂ ನನ್ನ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ, ಪರೀಕ್ಷೆ ಮಾಡಿ. ಹಾಟ್‌ಸ್ಪಾಟ್ ಫೋನು ಎಲ್ಲಿ ಇರಬೇಕೆಂದಿದ್ದೀರೋ ಅಲ್ಲೇ ಇಡಿ, ಬಾಲ್ಕನಿಯಲ್ಲಲ್ಲ. ಬೆಳಿಗ್ಗೆ ಹನ್ನೊಂದಕ್ಕೂ ರಾತ್ರಿ ಒಂಬತ್ತಕ್ಕೂ ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ವೇಗ ನೋಡಿ. ಅದು ಎರಡೂ ಹೊತ್ತು 10 ಎಂಬಿಪಿಎಸ್‌ಗಿಂತ ಇಳಿಯದೆ, 5ಜಿ ಚಿಹ್ನೆಯೂ ಮಾಯವಾಗದೆ ಇದ್ದರೆ ನೀವು ಅದೃಷ್ಟವಂತರು. ಆಗಲೂ ಕೆಲವು ಫೋನುಗಳು ಕರೆ ಬಂದಾಗ 4ಜಿಗೆ ಇಳಿಯುತ್ತವೆ, ಗಂಟೆಗಟ್ಟಲೆ ಹಾಟ್‌ಸ್ಪಾಟ್ ಹಾಕಿದರೆ ಬಿಸಿಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಫೋನಿನಲ್ಲಿ ಹಾಟ್‌ಸ್ಪಾಟ್ ಇದೆಯೋ ಅವರು ಸೊಪ್ಪು ತರಲು ಹೊರಟರೆ ಮನೆಯ ಇಂಟರ್‌ನೆಟ್ಟೂ ಸೊಪ್ಪು ತರಲು ಹೋಗುತ್ತದೆ.

ಹಣದಲ್ಲೂ ಅಂಥ ಉಳಿತಾಯವಿಲ್ಲ. ತಿಂಗಳಿಗೆ 399 ರೂಪಾಯಿಯ, 30 ಎಂಬಿಪಿಎಸ್ ವೇಗದ ಫೈಬರ್ ಯೋಜನೆ ಶೇ 18ರ ಜಿಎಸ್‌ಟಿ ಸೇರಿ ಸುಮಾರು 471 ರೂಪಾಯಿ ಆಗುತ್ತದೆ. ನಿಮ್ಮಿಬ್ಬರಿಗೆ ಅದು ಸಾಕು. ಫೈಬರ್ ಬಂದರೆ ಒಬ್ಬರ ಮೊಬೈಲ್ ಯೋಜನೆಯನ್ನಾದರೂ ಅಗ್ಗದ್ದಕ್ಕೆ ಇಳಿಸಬಹುದು. 28 ದಿನದ ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು ಬಾರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫೈಬರ್ ಕೂಡ ಸಾಧು ಪ್ರಾಣಿಯಲ್ಲ. ಅದರ ‘ಅನಿಯಮಿತ’ಕ್ಕೂ ಹಲವು ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿಯ ಬೇಲಿ ಇದೆ, ನೀವು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ ಬಿಡಿ. ಕಾಟ ಬೀದಿಯಲ್ಲಿದೆ. ನಮ್ಮ ಬಡಾವಣೆಗಳಲ್ಲಿ ಕೇಬಲ್ ಮರದಿಂದ ಕಂಬಕ್ಕೆ, ಕಂಬದಿಂದ ಮಹಡಿಗೆ ಜೋತಾಡುತ್ತದೆ. ಏಪ್ರಿಲ್–ಮೇ ಮಳೆಗೆ ಕೊಂಬೆ ಮುರಿದರೆ ಅದೂ ಹರಿಯುತ್ತದೆ. ನೆಲದಡಿ ಹೋಗಿದ್ದರೆ ರಸ್ತೆ ಅಗೆಯುವವರು ಹುಡುಕಿ ಕತ್ತರಿಸುತ್ತಾರೆ. ಕರೆಂಟು ಹೋದರೆ ಮನೆಯಲ್ಲಿರುವ ಫೈಬರ್ ಪೆಟ್ಟಿಗೆ, ಅಂದರೆ ರೂಟರ್, ಸತ್ತಂತೆಯೇ. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಂಡರೆ ಕೆಲವು ಗಂಟೆಗಳ ಬೆಸ್ಕಾಂ ವ್ಯತ್ಯಯವನ್ನು ದಾಟಬಹುದು. ಉಳಿದ ಆಪತ್ತಿಗೆ ನಿಮ್ಮ ಹಾಟ್‌ಸ್ಪಾಟ್ ಇದ್ದೇ ಇದೆ. ಅದರ ಸರಿಯಾದ ಕೆಲಸವೂ ಅದೇ. ಪಿ.ಜಿ.ಯಲ್ಲಿರುವವರು, ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವ ಒಂಟಿ ಜೀವಗಳು, ಕೇಬಲ್ ಇನ್ನೂ ತಲುಪದ ಹೊರವಲಯದವರು ಮಾತ್ರ ಮೊಬೈಲನ್ನೇ ನೆಚ್ಚಬಹುದು.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಬಂದ ಜಿಯೋ ಏರ್‌ಫೈಬರ್‌ನಂಥವು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಕೇಳುವಿರಿ. ಹೆಸರಿನಲ್ಲಿ ಫೈಬರ್ ಇದ್ದರೂ ನಿಮ್ಮ ಮನೆಗೆ ಬರುವುದು ಟವರಿನ 5ಜಿಯೇ. ಆಂಟೆನಾ ತಾರಸಿ ಮೇಲೆ ಕೂರುವುದರಿಂದ ಗೋಡೆಯ ಕಾಟ ತಪ್ಪುತ್ತದೆ, ಸಂಜೆಯ ನೂಕುನುಗ್ಗಲು ತಪ್ಪುವುದಿಲ್ಲ. ಅಲ್ಲಿಂದ ತಂತಿ ಇಳಿಸಲು ಮತ್ತೆ ಮಾಲೀಕರನ್ನೇ ಕೇಳಬೇಕು.

ಆದ್ದರಿಂದ ಅವರ ಬಳಿಗೇ ಹೋಗಿ. ಬಹುಶಃ ಅವರ ಕಣ್ಣಮುಂದೆ ಡ್ರಿಲ್ಲಿಂಗ್ ಯಂತ್ರವೂ ಉದುರುವ ಸುಣ್ಣವೂ ಇವೆ. ಮನೆಯೊಳಗೆ ಬರುವ ಫೈಬರ್ ಕೆಲವೇ ಮಿಲಿಮೀಟರ್ ದಪ್ಪದ್ದು. ಹಳೆಯ ಕೇಬಲ್ ಟಿ.ವಿ. ತಂತಿ ಬಂದಿದ್ದ ತೂತಿನಲ್ಲೋ ಕಿಟಕಿ ಚೌಕಟ್ಟಿನ ಸಂದಿನಲ್ಲೋ ನುಸುಳುತ್ತದೆ. ಮೊದಲು ಆ ತೂತು ಎಲ್ಲಿದೆ ಎಂದು ನೋಡಿಕೊಂಡು, ತಂತಿ ಎಳೆಯುವ ಹುಡುಗನನ್ನು ಕರೆಸಿ, ಮಾಲೀಕರ ಎದುರಿಗೇ ದಾರಿ ತೋರಿಸಲು ಹೇಳಿ. ತಂತಿಯನ್ನು ಚೂಪಾಗಿ ಮಡಚಬಾರದು ಎಂದೂ ಅವನಿಗೆ ನೆನಪಿಸಿ, ಒಳಗಿರುವುದು ಗಾಜು.