ಪೆನ್ಸಿಲ್ ಒತ್ತಿದರೆ ಪುಟ ಬದಲಾಗಲ್ಲ: ಜಾವಾ ಪೋರ್ಟ್‌ಲೆಟ್‌ಗಳಲ್ಲಿ ಮೋಡ್ ಮತ್ತು ಓಡಾಟ

ಹತ್ತು ಹದಿನೈದು ವರ್ಷಗಳ ಹಿಂದೆ ದೊಡ್ಡ ಬ್ಯಾಂಕಿನಲ್ಲೋ ವಿಶ್ವವಿದ್ಯಾಲಯದಲ್ಲೋ ಇದ್ದವರಿಗೆ ಈ ಬಗೆಯ ಪುಟ ನೆನಪಿರಬಹುದು. ಲಾಗಿನ್ ಆದ ಕೂಡಲೇ ಒಂದೇ ಪರದೆಯಲ್ಲಿ ಏಳೆಂಟು ಪೆಟ್ಟಿಗೆಗಳು. ಒಂದರಲ್ಲಿ ರಜೆಯ ಲೆಕ್ಕ, ಇನ್ನೊಂದರಲ್ಲಿ ಸುತ್ತೋಲೆ, ಮೂಲೆಯಲ್ಲಿ ಯಾರಿಗೂ ಬೇಡದ ಹವಾಮಾನ ವರದಿ. ಪ್ರತಿ ಪೆಟ್ಟಿಗೆಯ ತಲೆಯ ಮೇಲೆ ಪುಟ್ಟ ಗುರುತುಗಳು: ಪೆನ್ಸಿಲ್, ಪ್ರಶ್ನಾರ್ಥಕ ಚಿಹ್ನೆ, ಹಿಗ್ಗಿಸೋಕೆ ಕುಗ್ಗಿಸೋಕೆ ಇನ್ನೆರಡು. ಕಚೇರಿಯ ಹೊರಗಿನವರು ಇಂಥದ್ದನ್ನು ಐಗೂಗಲ್‌ನಲ್ಲಿ ನೋಡಿರುತ್ತಾರೆ. ಅದು 2005ರಲ್ಲಿ ಶುರುವಾಗಿ 2013ರಲ್ಲಿ ಮುಚ್ಚಿತು. ಅದರೊಳಗಿದ್ದದ್ದು ಜಾವಾ ಪೋರ್ಟ್‌ಲೆಟ್ ಅಲ್ಲ, ಆದರೆ ಕಣ್ಣಿಗೆ ಕಾಣುವ ರೂಪ ಹೆಚ್ಚುಕಡಿಮೆ ಅದೇ.

ಜಾವಾ ಲೋಕದಲ್ಲಿ ಆ ಒಂದೊಂದು ಪೆಟ್ಟಿಗೆಗೂ ಪೋರ್ಟ್‌ಲೆಟ್ ಅಂತ ಹೆಸರು. ಅವನ್ನೆಲ್ಲ ಜೋಡಿಸಿ ಒಂದು ಪುಟ ಮಾಡಿ ಕೊಡೋದು ಪೋರ್ಟಲ್. ಮೊದಲು ಒಂದೊಂದು ಕಂಪನಿಯ ಪೋರ್ಟಲ್‌ಗೆ ಒಂದೊಂದು ರೀತಿ ಕೋಡ್ ಬರೀಬೇಕಿತ್ತು. 2003ರಲ್ಲಿ ಜೆಎಸ್‌ಆರ್ 168 ಅನ್ನೋ ಮಾನದಂಡ ಬಂತು. ಒಮ್ಮೆ ಬರೆದ ಪೋರ್ಟ್‌ಲೆಟ್ ಐಬಿಎಂನ ವೆಬ್‌ಸ್ಫಿಯರ್ ಪೋರ್ಟಲ್‌ನಲ್ಲೂ ಓಡಬೇಕು, ಲೈಫ್‌ರೇ ಅನ್ನೋ ಇನ್ನೊಂದು ಪೋರ್ಟಲ್‌ನಲ್ಲೂ ಓಡಬೇಕು ಅನ್ನೋದು ಅದರ ಆಸೆ. 2008ರಲ್ಲಿ ಎರಡನೇ ಆವೃತ್ತಿ, ಜೆಎಸ್‌ಆರ್ 286. 2017ರಲ್ಲಿ ಮೂರನೆಯದು, ಜೆಎಸ್‌ಆರ್ 362. ಮಾನದಂಡವನ್ನು ನಿಜವಾಗಿ ಓಡಿಸಿ ತೋರಿಸುವ ಮಾದರಿ ಕಂಟೇನರ್, ಅಂದರೆ ಪೋರ್ಟ್‌ಲೆಟ್‌ಗಳನ್ನು ಓಡಿಸುವ ಸಾಫ್ಟ್‌ವೇರ್, ಅಪಾಚೆ ಪ್ಲೂಟೋ.

ಪೋರ್ಟ್‌ಲೆಟ್ ಬರೆಯೋಕೆ ಕೂತ ಹೊಸಬರು ಎಡವೋದು ಬಹುತೇಕ ಒಂದೇ ಜಾಗದಲ್ಲಿ. ಮಾಮೂಲಿ ವೆಬ್ ಅಪ್ಲಿಕೇಶನ್‌ನಲ್ಲಿ ಇಡೀ ಪುಟ ನಿಮ್ಮದು. ಬ್ರೌಸರ್‌ನ ವಿಳಾಸಪಟ್ಟಿ ನಿಮ್ಮದು, ಲಿಂಕ್ ಒತ್ತಿದರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ನೀವೇ ತೀರ್ಮಾನ ಮಾಡ್ತೀರಿ. ಪೋರ್ಟ್‌ಲೆಟ್ ಹಾಗಲ್ಲ, ಅದು ವಠಾರದ ಬಾಡಿಗೆದಾರ. ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಬೀದಿ ಬಾಗಿಲು ಮಾಲೀಕರದ್ದು. ಎಚ್‌ಟಿಎಂಎಲ್‌ನ ಹೆಡ್, ಬಾಡಿ ಟ್ಯಾಗ್‌ಗಳನ್ನು ಕೂಡ ಪೋರ್ಟ್‌ಲೆಟ್ ಬರೆಯೋ ಹಾಗಿಲ್ಲ. ಅದು ಕೊಡೋದು ಒಂದು ತುಂಡು ಮಾತ್ರ. ವಿಳಾಸವನ್ನೂ ಕೈಯಾರೆ ಬರೆಯೋ ಹಾಗಿಲ್ಲ. 'ನನಗೊಂದು ಯುಆರ್‌ಎಲ್ ಮಾಡಿಕೊಡು' ಅಂತ ಪೋರ್ಟಲ್ಲನ್ನೇ ಕೇಳಬೇಕು.

ಹಾಗಾದರೆ ಪೆಟ್ಟಿಗೆಯೊಳಗೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗೋದು ಹೇಗೆ? ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಅವನ್ನು ಕಲಸಿಬಿಟ್ಟರೆ ತೊಂದರೆ ಶುರು. ಬಳಕೆದಾರರು ಯಾತಕ್ಕೆ ಬಂದಿದ್ದಾರೆ ಅನ್ನೋದು ಒಂದು. ಅದಕ್ಕೆ ಉತ್ತರ ಮೋಡ್. ಬಂದವರು ಈಗ ಎಲ್ಲಿದ್ದಾರೆ ಅನ್ನೋದು ಇನ್ನೊಂದು. ಅದಕ್ಕೆ ಉತ್ತರ ರೆಂಡರ್ ಪ್ಯಾರಾಮೀಟರ್, ಅಂದರೆ ಪುಟ ಬಿಡಿಸುವಾಗ ಪೋರ್ಟ್‌ಲೆಟ್ ಕೈಗೆ ಸಿಗುವ ಹೆಸರು-ಬೆಲೆಯ ಚೀಟಿ.

ಮೋಡ್‌ಗಳು ಮೂರು. ವ್ಯೂ ಅಂದರೆ ನೋಡೋದು, ಇದು ಎಲ್ಲ ಪೋರ್ಟ್‌ಲೆಟ್‌ಗೂ ಕಡ್ಡಾಯ. ಎಡಿಟ್ ಅಂದರೆ ಆ ಪೆಟ್ಟಿಗೆಯನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳೋದು: ಹವಾಮಾನಕ್ಕೆ ಯಾವ ಊರು, ಸುತ್ತೋಲೆ ಎಷ್ಟು ಕಾಣಬೇಕು, ಇಂಥವು. ಹೆಲ್ಪ್ ಅಂದರೆ ಸಹಾಯ, ಅದನ್ನು ಒತ್ತಿದವರನ್ನು ನಾನಂತೂ ಜಾಸ್ತಿ ನೋಡಿಲ್ಲ. ಎಡಿಟ್, ಹೆಲ್ಪ್ ಎರಡೂ ಐಚ್ಛಿಕ. ಪೋರ್ಟಲ್ ತನ್ನದೇ ಹೊಸ ಮೋಡ್‌ಗಳನ್ನೂ ಸೇರಿಸಬಹುದು. ಮುದ್ರಣಕ್ಕೆ ಪ್ರಿಂಟ್, ನಿರ್ವಾಹಕರಿಗೆ ಕಾನ್ಫಿಗ್ ಇತ್ಯಾದಿ ಕೆಲವು ಹೆಸರುಗಳನ್ನು ಮಾನದಂಡವೇ ಸೂಚಿಸಿದೆ. ಇವುಗಳ ಜೊತೆಗೆ ವಿಂಡೋ ಸ್ಟೇಟ್ ಅಂತ ಇನ್ನೊಂದಿದೆ. ನಾರ್ಮಲ್, ಮ್ಯಾಕ್ಸಿಮೈಸ್ಡ್, ಮಿನಿಮೈಸ್ಡ್. ಇದು ಪೆಟ್ಟಿಗೆಗೆ ಎಷ್ಟು ಜಾಗ ಸಿಕ್ಕಿದೆ ಅನ್ನೋದರ ಲೆಕ್ಕ, ಅಷ್ಟೇ.

ಈಗ ಎಡಿಟ್ ಮೋಡ್ ವಿಷಯಕ್ಕೆ ಬರೋಣ, ಯಾಕಂದರೆ ಎಲ್ಲರೂ ಮೋಸ ಹೋಗೋದು ಆ ಹೆಸರಿಗೇ. ರಜೆ ಅರ್ಜಿಯ ಪೋರ್ಟ್‌ಲೆಟ್ ಬರೀತಿದ್ದೀರಿ ಅನ್ನಿ. ಅರ್ಜಿಗಳ ಪಟ್ಟಿ ಇದೆ, ಒಂದನ್ನು ಒತ್ತಿದರೆ ವಿವರ ಕಾಣಬೇಕು, ವಿವರದಲ್ಲಿ 'ತಿದ್ದು' ಅನ್ನೋ ಬಟನ್ ಇರಬೇಕು. ತಿದ್ದೋದು ಅಂದಮೇಲೆ ಎಡಿಟ್ ಮೋಡ್ ಅಲ್ವಾ? ಅಲ್ಲ. ಅರ್ಜಿ ತಿದ್ದೋದು ಪೋರ್ಟ್‌ಲೆಟ್‌ನ ದಿನನಿತ್ಯದ ಕೆಲಸ, ಅದು ವ್ಯೂ ಮೋಡ್‌ನೊಳಗಿನ ಒಂದು ಪುಟ. ಎಡಿಟ್ ಮೋಡ್ ಇರೋದು ಪೋರ್ಟ್‌ಲೆಟ್ಟನ್ನೇ ಹೊಂದಿಸೋಕೆ, ಉದಾಹರಣೆಗೆ ಪಟ್ಟಿಯಲ್ಲಿ ಒಮ್ಮೆಗೆ 10 ಅರ್ಜಿ ಕಾಣಬೇಕೋ 20 ಕಾಣಬೇಕೋ ಅಂತ ಹೇಳೋಕೆ. ಇದು ಸುಮ್ನೆ ಶಾಸ್ತ್ರದ ಮಾತಲ್ಲ. ಯಾವ ಮೋಡ್ ಯಾರಿಗೆ ಸಿಗಬೇಕು ಅಂತ ತೀರ್ಮಾನಿಸೋದು ಪೋರ್ಟಲ್. ಎಡಿಟ್ ಮೋಡನ್ನು ಕೆಲವರಿಗೆ ಅದು ಕೊಡದೇ ಇರಬಹುದು. ಆಗ ಅವರಿಗೆ ತಮ್ಮ ರಜೆ ಅರ್ಜಿಯನ್ನೇ ತಿದ್ದೋಕೆ ಆಗಲ್ಲ, ನೀವು ಎಷ್ಟು ಕೋಡ್ ಹುಡುಕಿದರೂ ಅದರಲ್ಲಿ ತಪ್ಪು ಸಿಗಲ್ಲ, ಯಾಕಂದರೆ ತಪ್ಪಿರೋದು ಕೋಡ್‌ನಲ್ಲಲ್ಲ, ಮೋಡನ್ನು ಪುಟ ಅಂದುಕೊಂಡದ್ದರಲ್ಲಿ. ಅನುಮತಿ ಇಲ್ಲದ ಮೋಡ್‌ಗೆ ಬಲವಂತವಾಗಿ ಹೋದರೆ ಪೋರ್ಟ್‌ಲೆಟ್‌ಮೋಡ್ಎಕ್ಸೆಪ್ಶನ್ ಅನ್ನೋ ದೋಷ ಬೀಳುತ್ತದೆ. ಅದಕ್ಕೇ ಲಿಂಕ್ ತೋರಿಸುವ ಮೊದಲು ಈಸ್‌ಪೋರ್ಟ್‌ಲೆಟ್‌ಮೋಡ್ಅಲೌಡ್ ಅಂತ ಕೇಳಿಕೊಳ್ಳೋದು ಒಳ್ಳೆಯದು.

ಮೋಡ್ ಬದಲಾಯಿಸೋಕೆ ಮೂರು ದಾರಿಗಳಿವೆ. ಬಳಕೆದಾರರು ಪೋರ್ಟಲ್ ಕೊಟ್ಟ ಪೆನ್ಸಿಲ್ ಒತ್ತಬಹುದು. ನೀವು ಮಾಡಿಸಿಕೊಂಡ ಯುಆರ್‌ಎಲ್‌ನಲ್ಲೇ ಮೋಡ್ ಹಾಕಿರಬಹುದು. ಇಲ್ಲವೇ ಆಕ್ಷನ್ ನಡೆಯುವಾಗ, ಅಂದರೆ ಬಳಕೆದಾರರು ಒತ್ತಿದ್ದಕ್ಕೆ ಕೆಲಸ ನಡೆಯುವ ಹೊತ್ತಿನಲ್ಲಿ, ಕೋಡ್‌ನಿಂದಲೇ ಬದಲಾಯಿಸಬಹುದು, 'ಉಳಿಸು' ಒತ್ತಿದ ಮೇಲೆ ಎಡಿಟ್‌ನಿಂದ ವ್ಯೂಗೆ ವಾಪಸ್ ಕಳಿಸೋದು ಹೀಗೇ. ಆದರೆ ಪುಟ ಬಿಡಿಸುವ ಹೊತ್ತಿನಲ್ಲಿ, ಅಂದರೆ ರೆಂಡರ್‌ನಲ್ಲಿ, ಮೋಡ್ ಬದಲಾಯಿಸೋ ಹಾಗೇ ಇಲ್ಲ. ರೆಂಡರ್‌ರೆಸ್ಪಾನ್ಸ್‌ನಲ್ಲಿ ಆ ಮೆಥಡ್ಡೇ ಇಲ್ಲ.

ಯಾಕೆ ಇಲ್ಲ? ಇಡೀ ಪೋರ್ಟ್‌ಲೆಟ್ ವಿನ್ಯಾಸದ ಮರ್ಮ ಇರೋದೇ ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

ಪುಟದಲ್ಲಿ ಎಂಟು ಪೆಟ್ಟಿಗೆ ಇದೆ. ನೀವು ಒಂದರಲ್ಲಿ ಫಾರ್ಮ್ ತುಂಬಿ 'ಸಲ್ಲಿಸು' ಒತ್ತಿದಿರಿ. ಬ್ರೌಸರ್‌ಗೆ ಇಡೀ ಪುಟ ಮತ್ತೆ ಬೇಕು, ಹಾಗಾಗಿ ಎಂಟೂ ಪೆಟ್ಟಿಗೆಗಳನ್ನು ಮತ್ತೆ ಬಿಡಿಸಬೇಕು. ಹಾಗಂತ ಎಂಟಕ್ಕೂ ಕೆಲಸ ಮಾಡು ಅಂದರೆ ಅನಾಹುತ. ಅದಕ್ಕೆ ಕೆಲಸವನ್ನು ಎರಡು ಹಂತ ಮಾಡಿದ್ದಾರೆ. ಮೊದಲು ಆಕ್ಷನ್: ನೀವು ಒತ್ತಿದ ಆ ಒಂದು ಪೋರ್ಟ್‌ಲೆಟ್‌ಗೆ ಮಾತ್ರ ಪ್ರೊಸೆಸ್‌ಆಕ್ಷನ್ ಕರೆ ಹೋಗುತ್ತದೆ. ಡೇಟಾಬೇಸ್‌ಗೆ ಬರೆಯೋದು, ಹಣ ಕಳಿಸೋದು, ಮೋಡ್ ಬದಲಾಯಿಸೋದು ಎಲ್ಲ ಇಲ್ಲೇ ಮುಗೀಬೇಕು. ಅದು ಪೂರ್ತಿ ಮುಗಿದ ಮೇಲೆ ರೆಂಡರ್ ಶುರು. ಎಲ್ಲ ಪೋರ್ಟ್‌ಲೆಟ್‌ಗಳೂ ತಮ್ಮ ತುಂಡನ್ನು ಬಿಡಿಸುತ್ತವೆ, ಯಾವ ಕ್ರಮದಲ್ಲಾದರೂ ಸರಿ, ಬೇಕಾದರೆ ಒಟ್ಟಿಗೇ. ಆ ಹೊತ್ತಿನಲ್ಲಿ ಒಂದು ಪೋರ್ಟ್‌ಲೆಟ್ 'ನಾನು ಬೇರೆ ಮೋಡ್‌ಗೆ ಹೋಗ್ತೀನಿ' ಅಂದರೆ, ಪೋರ್ಟಲ್ ಆಗಲೇ ತಲೆಪಟ್ಟಿ ಬಿಡಿಸಿಬಿಟ್ಟಿರಬಹುದು, ಪಕ್ಕದ ಪೆಟ್ಟಿಗೆಗಳೂ ಮುಗಿದಿರಬಹುದು. ಹಾಗಾಗಿ ಆ ಬಾಗಿಲನ್ನೇ ಮುಚ್ಚಿದ್ದಾರೆ. ಬಳಕೆದಾರರ ಆಯ್ಕೆಗಳನ್ನು ಕಾಯಂ ಆಗಿ ಇಡುವ ಪೋರ್ಟ್‌ಲೆಟ್‌ಪ್ರಿಫರೆನ್ಸಸ್ ಕೂಡ ಹಾಗೇ: ರೆಂಡರ್‌ನಲ್ಲಿ ಓದಬಹುದು, ಉಳಿಸೋಕೆ ಹೋದರೆ ಇಲ್ಲೀಗಲ್‌ಸ್ಟೇಟ್ಎಕ್ಸೆಪ್ಶನ್.

ಇದರಿಂದ ಒಂದು ಮಾತು ತಾನಾಗಿಯೇ ಬರುತ್ತದೆ. ನಿಮ್ಮ ಪೋರ್ಟ್‌ಲೆಟ್‌ನ ರೆಂಡರ್ ಎಷ್ಟು ಸಲ ಬೇಕಾದರೂ ನಡೀಬಹುದು, ಯಾರೋ ಪಕ್ಕದ ಪೆಟ್ಟಿಗೆಯಲ್ಲಿ ಏನೋ ಒತ್ತಿದ್ದಕ್ಕೂ ನಡೀಬಹುದು. ವ್ಯೂ ಮೋಡ್‌ನ ಪುಟ ಬಿಡಿಸುವ ಡೂವ್ಯೂ ಮೆಥಡ್ ಒಳಗೆ ಎಣಿಕೆ ಹೆಚ್ಚಿಸೋದು, ಮೇಲ್ ಕಳಿಸೋದು ಇಟ್ಟರೆ ಹವಾಮಾನ ನೋಡಿದವರಿಗೂ ಮೇಲ್ ಹೋಗುತ್ತದೆ.

ಇನ್ನು ಹೊಸಬರ ತಲೆ ತಿನ್ನುವ ಸಮಸ್ಯೆ ಒಂದಿದೆ. ಫಾರ್ಮ್‌ನಲ್ಲಿ ಅರ್ಜಿ ಸಂಖ್ಯೆ ಕಳಿಸಿರುತ್ತಾರೆ, ಪ್ರೊಸೆಸ್‌ಆಕ್ಷನ್‌ನಲ್ಲಿ ಅದು ಚೆನ್ನಾಗಿ ಸಿಗುತ್ತದೆ, ಡೂವ್ಯೂಗೆ ಬಂದರೆ ನಲ್, ಅಂದರೆ ಏನೂ ಇಲ್ಲ. ಯಾಕಂದರೆ ಆಕ್ಷನ್‌ಗೆ ಬಂದ ಪ್ಯಾರಾಮೀಟರ್‌ಗಳು ತಾವಾಗಿಯೇ ರೆಂಡರ್‌ಗೆ ಹೋಗಲ್ಲ. ಬೇಕಾದ್ದನ್ನು ಸೆಟ್‌ರೆಂಡರ್‌ಪ್ಯಾರಾಮೀಟರ್ ಅಂತ ನೀವೇ ದಾಟಿಸಬೇಕು. ಕಿರಿಕಿರಿ ಅನಿಸಬಹುದು, ಆದರೆ ಪುಟಗಳ ನಡುವಿನ ಓಡಾಟಕ್ಕೆ ಇದೇ ಸಾಧನ. 'ಪುಟ=ವಿವರ, ಸಂಖ್ಯೆ=42' ಅಂತ ಇಟ್ಟುಬಿಟ್ಟರೆ ಮುಂದೆ ಎಷ್ಟು ಸಲ ರೆಂಡರ್ ಆದರೂ ಪೋರ್ಟಲ್ ಅದನ್ನೇ ನಿಮಗೆ ವಾಪಸ್ ಕೊಡುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಯಾರು ಏನು ಒತ್ತಿದರೂ ನಿಮ್ಮ ಪೆಟ್ಟಿಗೆ ವಿವರದ ಪುಟದಲ್ಲೇ ನಿಂತಿರುತ್ತದೆ. ಅಂದರೆ ಪೋರ್ಟ್‌ಲೆಟ್‌ನಲ್ಲಿ ಯಾರೂ ಎಲ್ಲಿಗೂ ಹೋಗಲ್ಲ. ನಾನು ಈಗ ಈ ಸ್ಥಿತಿಯಲ್ಲಿದ್ದೇನೆ ಅಂತ ಹೇಳಿಡೋದು, ಅದನ್ನು ನೋಡಿ ಪುಟ ಬಿಡಿಸೋದು, ಇಷ್ಟೇ.

ಇದೇ ಸ್ಥಿತಿಯನ್ನು ಸೆಷನ್‌ನಲ್ಲಿ, ಅಂದರೆ ಒಬ್ಬೊಬ್ಬ ಬಳಕೆದಾರರಿಗೂ ಸರ್ವರ್ ಇಟ್ಟುಕೊಳ್ಳುವ ನೆನಪಿನಲ್ಲಿ, ಇಡೋರು ಇದ್ದಾರೆ, ಸುಲಭ ಅಂತ. ಬ್ರೌಸರ್‌ನ ಬ್ಯಾಕ್ ಬಟನ್ ಒತ್ತಿದ ದಿನ ಗೊತ್ತಾಗುತ್ತದೆ. ರೆಂಡರ್ ಪ್ಯಾರಾಮೀಟರನ್ನು ಪೋರ್ಟಲ್ ವಿಳಾಸದಲ್ಲೇ ಹಾಕಿದ್ದರೆ ಹಿಂದೆ ಹೋದಾಗ ಹಳೆಯ ವಿಳಾಸ, ಅದರ ಜೊತೆ ಹಳೆಯ ಸ್ಥಿತಿ ಎರಡೂ ಬರುತ್ತವೆ. ಸೆಷನ್‌ಗೆ ಹಿಂದೆ ಮುಂದೆ ಅನ್ನೋದು ಗೊತ್ತಿಲ್ಲ, ಅದು ಕೊನೆಯ ಪುಟವನ್ನೇ ಹಿಡಿದುಕೊಂಡಿರುತ್ತದೆ. ಎರಡು ಟ್ಯಾಬ್ ತೆರೆದರಂತೂ ಒಂದರ ಪುಟ ಇನ್ನೊಂದರಲ್ಲಿ.

ಈಗ ಮೋಡ್, ಪುಟ ಎರಡೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವ ಜಾಗ. ಬಳಕೆದಾರರು ವ್ಯೂ ಮೋಡ್‌ನಲ್ಲಿ 42ನೇ ಅರ್ಜಿಯ ವಿವರ ನೋಡ್ತಿದ್ದಾರೆ. ಪೆನ್ಸಿಲ್ ಒತ್ತುತ್ತಾರೆ. ಮೋಡ್ ಎಡಿಟ್ ಆಯಿತು, ಆದರೆ ಪೋರ್ಟಲ್ ಹಳೆಯ ರೆಂಡರ್ ಪ್ಯಾರಾಮೀಟರ್‌ಗಳನ್ನು ಹಾಗೇ ಉಳಿಸಿ ಕಳಿಸುತ್ತದೆ. ನಿಮ್ಮ ಕೋಡ್ ಮೋಡ್ ನೋಡದೆ 'ಪುಟ=ವಿವರ' ಅನ್ನೋದನ್ನು ಮಾತ್ರ ನೋಡಿದರೆ, ಪೆನ್ಸಿಲ್ ಒತ್ತಿದವರಿಗೆ ಮತ್ತದೇ ವಿವರ. ಪೆನ್ಸಿಲ್ ಕೆಲಸ ಮಾಡ್ತಿಲ್ಲ ಅಂತ ದೂರು ಬರುತ್ತದೆ. ಉಲ್ಟಾ ಸಮಸ್ಯೆಯೂ ಇದೆ: ನೀವೇ ಮಾಡಿಸಿಕೊಂಡ ರೆಂಡರ್ ಯುಆರ್‌ಎಲ್‌ನಲ್ಲಿ ಹಳೆಯ ಪ್ಯಾರಾಮೀಟರ್‌ಗಳು ಇರಲ್ಲ, ಆದರೆ ಮೋಡ್ ಹೇಳದಿದ್ದರೆ ಈಗಿರುವ ಮೋಡೇ ಮುಂದುವರಿಯುತ್ತದೆ. ಎಡಿಟ್ ಮೋಡ್‌ನಲ್ಲಿ 'ಪಟ್ಟಿಗೆ ಹಿಂತಿರುಗಿ' ಅಂತ ಲಿಂಕ್ ಹಾಕಿ ವ್ಯೂ ಅಂತ ಹೇಳೋದು ಮರೆತರೆ ಅಲ್ಲೇ ಸುತ್ತುತ್ತಾ ಇರಬೇಕು.

ಪರಿಹಾರ ದೊಡ್ಡದೇನಲ್ಲ. ಮೊದಲು ಮೋಡ್ ನೋಡಿ, ಆಮೇಲೆ ಅದರೊಳಗೆ ಪುಟ ನೋಡಿ. ಜೆನೆರಿಕ್‌ಪೋರ್ಟ್‌ಲೆಟ್ ಅನ್ನೋ ತಾಯಿ ಕ್ಲಾಸ್ ಈ ಮೊದಲ ಅರ್ಧವನ್ನು ತಾನೇ ಮಾಡಿಕೊಡುತ್ತದೆ. ಮೋಡ್ ನೋಡಿ ಡೂವ್ಯೂ, ಡೂಎಡಿಟ್, ಡೂಹೆಲ್ಪ್ ಇವುಗಳಲ್ಲಿ ಒಂದನ್ನು ಕರೆಯುತ್ತದೆ. ಪೆಟ್ಟಿಗೆ ಮಿನಿಮೈಸ್ ಆಗಿದ್ದರೆ ಯಾವುದನ್ನೂ ಕರೆಯಲ್ಲ. ಸ್ಪ್ರಿಂಗ್ ಅನ್ನೋ ಜಾವಾ ಚೌಕಟ್ಟಿನ ಪೋರ್ಟ್‌ಲೆಟ್ ಎಂವಿಸಿಯಲ್ಲಿ ಮೋಡ್ ಮತ್ತು ಪ್ಯಾರಾಮೀಟರ್ ಎರಡನ್ನೂ ಸೇರಿಸಿ ನೋಡುವ ವ್ಯವಸ್ಥೆಯೇ ಇತ್ತು. ಹೆಸರು ಮಾತ್ರ ಉಸಿರು ಕಟ್ಟುವಷ್ಟು ಉದ್ದ, ಪೋರ್ಟ್‌ಲೆಟ್‌ಮೋಡ್‌ಪ್ಯಾರಾಮೀಟರ್‌ಹ್ಯಾಂಡ್ಲರ್‌ಮ್ಯಾಪಿಂಗ್. 2017ರ ಸ್ಪ್ರಿಂಗ್ 5ರಲ್ಲಿ ಪೋರ್ಟ್‌ಲೆಟ್ ಬೆಂಬಲವನ್ನೇ ತೆಗೆದುಹಾಕಿದರು.

ಜೆಎಸ್‌ಎಫ್ ಅನ್ನೋ, ಜಾವಾದಲ್ಲಿ ವೆಬ್ ಪುಟ ಕಟ್ಟುವ ಚೌಕಟ್ಟು ಬಳಸೋರ ಕಥೆ ಇನ್ನೂ ಸ್ವಾರಸ್ಯ. ಜೆಎಸ್‌ಎಫ್‌ಗೆ ತನ್ನದೇ ನ್ಯಾವಿಗೇಶನ್ ನಿಯಮಗಳಿವೆ: ಈ ಪುಟದಲ್ಲಿ 'ಸಕ್ಸೆಸ್' ಬಂದರೆ ಆ ಪುಟಕ್ಕೆ ಹೋಗು ಅಂತ. ಅದಕ್ಕೆ ಮೋಡ್ ಅನ್ನೋದೇ ಗೊತ್ತಿಲ್ಲ. ಎರಡನ್ನೂ ಬೆಸೆಯೋಕೆ ಬ್ರಿಡ್ಜ್ ಅಂತ ಒಂದು ಮಾಡಿದರು, ಜೆಎಸ್‌ಆರ್ 301 ಮತ್ತು 329. ಒಂದೊಂದು ಮೋಡ್‌ಗೂ ಮೊದಲು ತೆರೆಯಬೇಕಾದ ಪುಟ ಯಾವುದು ಅಂತ ಸೆಟ್ಟಿಂಗ್‌ನಲ್ಲೇ ಹೇಳಬೇಕು. ನ್ಯಾವಿಗೇಶನ್ ನಿಯಮದ ವಿಳಾಸಕ್ಕೆ ಬಾಲ ಅಂಟಿಸಿ ಮೋಡ್ ಬದಲಾಯಿಸಬಹುದು. ಎಡಿಟ್ ಮುಗಿಸಿ ವ್ಯೂಗೆ ಬಂದಾಗ ಮೊದಲ ಪುಟಕ್ಕಲ್ಲ, ಬಿಟ್ಟುಹೋದ ಪುಟಕ್ಕೇ ಬರಬೇಕು ಅನ್ನೋದು ನ್ಯಾಯವಾದ ಬೇಡಿಕೆ ಅಲ್ವಾ? ಅದಕ್ಕಾಗಿ ಬ್ರಿಡ್ಜ್ ಒಂದೊಂದು ಮೋಡ್‌ನಲ್ಲೂ ಕೊನೆಗೆ ನೋಡಿದ ಪುಟವನ್ನು ಸೆಷನ್‌ನಲ್ಲಿ ವ್ಯೂಐಡಿಹಿಸ್ಟರಿ ಅನ್ನೋ ಹೆಸರಿನಲ್ಲಿ ಬರೆದಿಡುತ್ತದೆ. ನ್ಯಾವಿಗೇಶನ್ ನಿಯಮದಲ್ಲಿ ಅದನ್ನೇ ಗುರಿಯಾಗಿ ಕೊಟ್ಟರೆ ಆಯಿತು. ಎಷ್ಟೋ ಜನ ಇದು ಗೊತ್ತಿಲ್ಲದೆ ಇದೇ ಕೆಲಸಕ್ಕೆ ತಾವೇ ಕೋಡ್ ಬರೆದುಕೊಳ್ತಾರೆ.

ರೀಡೈರೆಕ್ಟ್, ಅಂದರೆ ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸೋದು, ಅದರ ಬಗ್ಗೆ ಒಂದು ಮಾತು. ಫಾರ್ಮ್ ಸಲ್ಲಿಸಿ ರಿಫ್ರೆಶ್ ಒತ್ತಿದರೆ ಎರಡನೇ ಸಲ ಸಲ್ಲಿಕೆ ಆಗುವ ಹಳೇ ರೋಗ ಇಲ್ಲೂ ಇದೆ. ಆಕ್ಷನ್ ಆದ ಮೇಲೆ ರೀಡೈರೆಕ್ಟ್ ಮಾಡಬೇಕೋ ಬೇಡವೋ ಅನ್ನೋದು ಪೋರ್ಟಲ್ಲಿಗೆ ಬಿಟ್ಟದ್ದು. ಲೈಫ್‌ರೇಯಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ. ನೀವೇ ಸೆಂಡ್‌ರೀಡೈರೆಕ್ಟ್ ಕರೆಯಬಹುದು, ಆದರೆ ಅದಕ್ಕೂ ಮೊದಲು ಮೋಡನ್ನೋ ರೆಂಡರ್ ಪ್ಯಾರಾಮೀಟರನ್ನೋ ಬದಲಾಯಿಸಿದ್ದರೆ ಎಕ್ಸೆಪ್ಶನ್ ಬೀಳುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಇಂಥ ಹಳೆಯ ಪ್ರಾಜೆಕ್ಟ್ ಕೈಗೆ ಬಂದು 'ತಪ್ಪು ಪುಟ ಬರ್ತಿದೆ' ಅನ್ನೋ ದೂರಿದ್ದರೆ, ಕೋಡ್ ತೆರೆಯುವ ಮೊದಲು ವಿಳಾಸಪಟ್ಟಿ ಓದಿ. ಲೈಫ್‌ರೇಯಾದರೆ ಆ ಉದ್ದನೆಯ ವಿಳಾಸದಲ್ಲಿ ಎಲ್ಲ ಬರೆದೇ ಇರುತ್ತದೆ. ಪಿ_ಪಿ_ಐಡಿ ಅಂದರೆ ಯಾವ ಪೆಟ್ಟಿಗೆ, ಪಿ_ಪಿ_ಮೋಡ್ ಅಂದರೆ ಯಾವ ಮೋಡ್, ಪಿ_ಪಿ_ಸ್ಟೇಟ್ ಅಂದರೆ ಯಾವ ಗಾತ್ರ. ಪಿ_ಪಿ_ಲೈಫ್‌ಸೈಕಲ್ ಮುಂದೆ 0 ಇದ್ದರೆ ರೆಂಡರ್, 1 ಇದ್ದರೆ ಆಕ್ಷನ್, 2 ಇದ್ದರೆ ಎರಡನೇ ಆವೃತ್ತಿಯಲ್ಲಿ ಬಂದ ರಿಸೋರ್ಸ್ ಕರೆ. ಮೋಡ್ ಸರಿ ಇದ್ದು ಪುಟ ತಪ್ಪಿದ್ದರೆ ಪ್ಯಾರಾಮೀಟರ್ ಹುಡುಕಿ, ಮೋಡೇ ತಪ್ಪಿದ್ದರೆ ಆ ಲಿಂಕ್ ಮಾಡಿದ ಸಾಲನ್ನು ಹುಡುಕಿ.