ಚವತಿಗೆ ಮುಂಚೆ ಬಣ್ಣ ಬೇಡ ಮಾರಾಯ್ರೇ

ಜುಲೈ ಕೊನೆಗೆ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಗೋವಾದ ವಾಸ್ಕೊ, ಮಡಗಾಂವ್, ಫೋಂಡಾ, ಮಾಪುಸಾ, ಎಲ್ಲ ಕಡೆಯಿಂದ ನಮ್ಮ ಕನ್ನಡದವರೇ ಕರೆ ಮಾಡುತ್ತಾರೆ. "ಸಾರ್, ಗಣೇಶ ಚವತಿಗೆ ಊರಿಂದ ನೆಂಟರು ಬರ್ತಾರೆ. ಮನೆ ಮುಂಭಾಗ ಸ್ವಲ್ಪ ಚೆಂದ ಮಾಡಿಕೊಡಿ." ಚೆಂದ ಅಂದರೆ ಅವರ ಲೆಕ್ಕದಲ್ಲಿ ಬಣ್ಣ. ಅದೂ ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿರುವ ದುಬಾರಿ ಬಣ್ಣ.

ಈಗ ಬೇಡ ಅನ್ನುತ್ತೇನೆ. ಬೇರೆ ಯಾರನ್ನೋ ಕರೆದು ಹೊಡೆಸುತ್ತಾರೆ. ಡಿಸೆಂಬರಿನಲ್ಲಿ ಅವರದ್ದೇ ಫೋನ್: ಬಣ್ಣ ಗುಳ್ಳೆ ಎದ್ದಿದೆ, ಕಂಪನಿಯವರು ಮೋಸ ಮಾಡಿದ್ದಾರೆ. ಗೋಡೆ ನೋಡದೆ ಖಚಿತವಾಗಿ ಹೇಳಬಾರದು, ನಿಜ. ಆದರೆ ನಾನು ನೋಡಿದ ಹೆಚ್ಚಿನ ಕಡೆ ಡಬ್ಬದ ತಪ್ಪಿರಲಿಲ್ಲ. ಗೋಡೆ ಒದ್ದೆ ಇತ್ತು, ಅಷ್ಟೇ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಚವತಿ ಬರುವುದು ಆಗಸ್ಟ್ ಇಲ್ಲವೇ ಸೆಪ್ಟೆಂಬರಿನಲ್ಲಿ. ಇಲ್ಲಿನ ಗೋಡೆ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ, ಮೈತುಂಬ ತೂತು. ತಿಂಗಳುಗಟ್ಟಲೆ ಕುಡಿದ ನೀರನ್ನು ಅದು ನಾಲ್ಕು ದಿನದ ಬಿಸಿಲಿಗೆ ಬಿಟ್ಟುಕೊಡುವುದಿಲ್ಲ. ಅಕ್ಟೋಬರ್ ಬಿಸಿಲು ಬಿದ್ದಾಗ ನೀರು ಹೊರಮೈ ಕಡೆಗೆ ಬರುತ್ತದೆ. ಬರುವಾಗ ಗೋಡೆಯೊಳಗಿನ ಉಪ್ಪನ್ನೂ ತರುತ್ತದೆ. ಅಲ್ಲಿ ನೀವು ಹೊಡೆಸಿದ ಬಣ್ಣದ ಪದರ ದಾರಿಗೆ ಅಡ್ಡ ನಿಂತಿರುತ್ತದೆ. ನೀರು ಅದನ್ನು ದೂಡುತ್ತದೆ, ಉಪ್ಪು ಅದರ ಹಿಂದೆ ಬಿಳಿ ಪುಡಿಯಾಗಿ ಕೂರುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ಯಾಕಂದರೆ ಜನ ತಲೆಯಾಡಿಸಿ ಮತ್ತೆ ಅದನ್ನೇ ಕೇಳುತ್ತಾರೆ. ವಾಟರ್‌ಪ್ರೂಫ್ ಬಣ್ಣ ಹೊರಗಿನ ಮಳೆಯನ್ನು ತಡೆಯುತ್ತದೆ. ಒಳಗೆ ಆಗಲೇ ಇರುವ ನೀರಿಗೆ ಅದು ಏನೂ ಮಾಡುವುದಿಲ್ಲ. ಒಳಗಿನಿಂದ ಬರುವ ನೀರಿಗೆ ಅದೇ ಬೀಗ. ಎರಡು ಕೋಟ್ ಬದಲು ನಾಲ್ಕು ಕೋಟ್ ಹೊಡೆಸಿದರೂ ಅಷ್ಟೇ.

ಹಾಗಾದರೆ ನೀರು ಬರುವುದೆಲ್ಲಿಂದ? ಕೆಲವು ಸಲ ಟೆರೇಸಿನ ಪ್ಯಾರಾಪೆಟ್‌ನಿಂದ, ಕೆಲವು ಸಲ ಪೈಪಿನಿಂದ. ಆದರೆ ಮುಂಭಾಗ ಚೆಂದ ಮಾಡಲು ಹೋಗಿಯೇ ನೀರು ತಂದುಕೊಂಡವರು ಬಹಳ ಮಂದಿ. ಅಂಗಳಕ್ಕೆ ಪೇವರ್ ಹಾಕಿಸುತ್ತಾರೆ. ಹಳೆ ಕಾಂಕ್ರೀಟ್ ಒಡೆಯೋದು ಬೇಡ ಅಂತ ಅದರ ಮೇಲೇ ಮಣ್ಣು, ಅದರ ಮೇಲೆ ಜಲ್ಲಿಪುಡಿ, ಅದರ ಮೇಲೆ ಪೇವರ್. ಮನೆಯ ಪ್ಲಿಂತ್, ಅಂದರೆ ಗೋಡೆ ಏಳುವ ಅಡಿಗಟ್ಟು, ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಎಷ್ಟೋ ಮನೆಗಳಲ್ಲಿ ಈಗ ಒಂದು ಗೇಣೂ ಉಳಿದಿಲ್ಲ. ಜೊತೆಗೆ ಅಂಗಳದ ಇಳಿಜಾರು ಗೋಡೆಯ ಕಡೆಗೇ ಇದ್ದರೆ ಮುಗಿಯಿತು.

ವಾಸ್ಕೊದಲ್ಲಿ ಗದಗ ಕಡೆಯ ಒಬ್ಬ ನಿವೃತ್ತರ ಮನೆ ಇದೆ. ಬಲು ಒಳ್ಳೆಯ ಮನುಷ್ಯ, ಹೋದಾಗೆಲ್ಲ ರೊಟ್ಟಿ ತಿನ್ನಿಸದೆ ಬಿಡುವುದಿಲ್ಲ. ಗೋಡೆಯ ಕೆಳಗಿನ ಮೂರಡಿ ತೇವ ಕಾಣುತ್ತದೆ ಅಂತ ಅದಕ್ಕೆ ಕಲ್ಲಿನ ಟೈಲ್ಸ್ ಅಂಟಿಸಿದರು. ಮುಂದಿನ ಮಳೆಗಾಲಕ್ಕೆ ತೇವ ಟೈಲ್ಸಿನ ಮೇಲಂಚು ದಾಟಿ ಐದಡಿಗೆ ಏರಿತು. ಕೆಳಗೆ ಆರಲು ಜಾಗ ಇಲ್ಲದಿದ್ದರೆ ನೀರು ಇನ್ನೂ ಮೇಲೆ ಹತ್ತುತ್ತದೆ, ಅಲ್ವಾ? "ಹಂಗಾದ್ರ ಐದಡಿಗೂ ಟೈಲ್ಸ್ ಹಚ್ಚಿಬಿಡೋಣೇನ್ರಿ?" ಅಂದರು. ಅವರ ಮನೆಯವರು ಒಳಗಿನಿಂದಲೇ "ಆಮ್ಯಾಲ ಹಂಚಿಗೂ ಹಚ್ರಿ" ಅಂದರು. ಕೊನೆಗೆ ಟೈಲ್ಸ್ ತೆಗೆದು, ಅಂಗಳದ ಮಟ್ಟ ಇಳಿಸಿ, ನೀರು ಗೇಟಿನ ಕಡೆ ಹೋಗುವಂತೆ ಮಾಡಿದೆವು.

ಇನ್ನೊಂದು, ಪೇಂಟರ್‌ಗಳ ಅತಿ ಅಚ್ಚುಕಟ್ಟು. ಕಿಟಕಿ ಮೇಲೆ ಚಾಚಿರುವ ಸಜ್ಜಾದ ಅಡಿಯಲ್ಲಿ, ಅಂಚಿನ ಹತ್ತಿರ ಬೆರಳಗಲದ ಒಂದು ತೋಡು ಇರುತ್ತದೆ. ಸಜ್ಜಾದಿಂದ ಇಳಿದ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ ಅದನ್ನು ಬಿಟ್ಟಿರುತ್ತಾರೆ. ನಮ್ಮ ಹುಡುಗರು ಅದನ್ನು ನೋಡಿ, ಪಾಪ, ಬಿರುಕು ಅಂದುಕೊಂಡು ಪುಟ್ಟಿ ತುಂಬಿ ಸಾಪು ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಕತ್ತೆತ್ತಿ ಒಂದು ಸಲ ನೋಡಿ.

ಹಳಬರು ಈ ವಿಷಯದಲ್ಲಿ ಜಾಣರಾಗಿದ್ದರು. ಮಂಗಳೂರು ಹಂಚಿನ ಇಳಿಮಾಡು ಗೋಡೆಯಿಂದ ಎಷ್ಟು ಮುಂದೆ ಚಾಚಿರುತ್ತಿತ್ತು! ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಅಂಥ ಹಂಚು ಗೋವಾದ ಮನೆಗಳನ್ನೂ ಹತ್ತಿತು. ಬಾಗಿಲ ಮುಂದೆ ಕೂರಲು ಕಟ್ಟೆಗಳಿರುವ ಬಾಲ್ಕಾಂವ್, ಅದಕ್ಕೂ ಮಾಡು. ಗೋಡೆಗೆ ಸುಣ್ಣ. ಸುಣ್ಣ ನೀರಿನ ಆವಿಯನ್ನು ಹೊರಗೆ ಬಿಡುತ್ತದೆ. ಮಳೆ ಮುಗಿದ ಮೇಲೆ ಮತ್ತೆ ಬಳಿಯುತ್ತಿದ್ದರು. ಈಗ ಮಾಡು ಕಿತ್ತು ಸಪಾಟು ಡಬ್ಬದಂಥ ಮುಂಭಾಗ ಕೇಳುತ್ತಾರೆ. ಫೋಟೋದಲ್ಲಿ ಚೆನ್ನಾಗಿರುತ್ತದೆ, ಮೇ ತಿಂಗಳವರೆಗೆ. ಹಾಗಂತ ಎಲ್ಲರೂ ಸುಣ್ಣಕ್ಕೆ ಮರಳಿ ಅನ್ನುತ್ತಿಲ್ಲ. ಅಕ್ರಿಲಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹಳೆಯದನ್ನು ಪೂರ್ತಿ ಕೆರೆಯಬೇಕು.

ಗೋಡೆ ಒಣಗಿದೆಯೋ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ. ಮಾರನೇ ದಿನ ಬಿಡಿಸಿ. ಒಳಮೈಯಲ್ಲಿ ಹನಿ ಕಂಡರೆ ಬಣ್ಣದ ಅಂಗಡಿಗೆ ಹೋಗಬೇಡಿ. ಹನಿ ಇಲ್ಲದಿದ್ದರೂ ಒಂದೇ ಜಾಗ ನಂಬಬೇಡಿ, ಕೆಳಗೆ, ಮೂಲೆಯಲ್ಲಿ, ಕಿಟಕಿ ಪಕ್ಕ ನೋಡಿ. ಹೊಸ ಸಿಮೆಂಟ್ ಗಾರೆಯಾದರೆ ಹೇಗೂ 28 ದಿನ ಕಾಯಬೇಕು. ಬಿರುಕು ಓರೆಯಾಗಿ ಓಡಿದ್ದರೆ ಅದು ಪೇಂಟರ್ ಕೆಲಸವೇ ಅಲ್ಲ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಇಷ್ಟಾದರೂ ಚವತಿಗೆ ಮನೆ ಚೆನ್ನಾಗಿ ಕಾಣಲೇಬೇಕು, ಒಪ್ಪಿದೆ. ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಕೈಗವಸು ಇರಲಿ. ಆ ಬ್ಲೀಚಿಂಗ್ ನೀರಿಗೆ ಆಸಿಡ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಪ್ರೆಶರ್ ಪಂಪ್ ಬೇಡ, ನೀರು ಇನ್ನೂ ಒಳಗೆ ನುಗ್ಗುತ್ತದೆ. ತುಳಸಿ ಕಟ್ಟೆಗೆ ಹಿಂದಿನಿಂದಲೂ ಸುಣ್ಣವೇ ಇದ್ದರೆ ಮತ್ತೆ ಬಳಿಯಿರಿ. ಬಾಗಿಲಿಗೆ ಎಣ್ಣೆ, ಹೊಸ ದೀಪ, ಮನೆ ನಂಬರಿಗೆ ಒಂದು ಒಳ್ಳೆ ಹಲಗೆ. ಗೇಟಿಗೆ ಬಣ್ಣ ಹೊಡೆಯಬಹುದು, ತುಕ್ಕು ಕೆರೆದು, ಮಳೆ ಬಿಟ್ಟ ದಿನ ನೋಡಿ ಪ್ರೈಮರ್ ಹಚ್ಚಿದ ಮೇಲೆ. ನೆಂಟರು ಹೇಗೂ ನೇರ ಒಳಗೆ ಹೋಗಿ ಗಣಪನ ಮೇಲೆ ಹಣ್ಣು-ಕಾಯಿ ಕಟ್ಟಿದ ಮಾಟೊಳಿ ನೋಡುತ್ತಾರೆ. ಗೋಡೆಗೆ ಜನವರಿ ಆದ ಮೇಲೆ ಕರೆಯಿರಿ, ಆಗ ಪೇಂಟರ್‌ಗಳೂ ಪುರುಸೊತ್ತಾಗಿರುತ್ತಾರೆ.