ಎರಡು ಎಂ.ಎಲ್. ಔಷಧಿ, ಒಂದೇ ಮೂತಿಯ ಸಿರಿಂಜು

ನಮ್ಮ ಅಂಗಳಗಳಲ್ಲಿ ಆರೈಕೆಯಿಲ್ಲದೆಯೂ ಅರಳುವ ಕಾಶಿಕಣಗಿಲೆಯಿಂದ, ಅಂದರೆ ನಿತ್ಯಪುಷ್ಪದಿಂದ, ತೆಗೆದ ಔಷಧಿ ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗಿನಿಂದ ರಕ್ತಕ್ಯಾನ್ಸರಿನ ಎಷ್ಟೋ ಮಕ್ಕಳು ಇದರಿಂದ ಬದುಕಿದ್ದಾರೆ. ಆದರೆ ಇದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿದರೆ ಸಾವು ಹೆಚ್ಚುಕಡಿಮೆ ಖಚಿತ.

ಈ ಔಷಧಿ ಜೀವಕೋಶದೊಳಗಿನ ಸೂಕ್ಷ್ಮ ನಳಿಕೆಗಳನ್ನು ಕೆಡಿಸುತ್ತದೆ. ಕ್ಯಾನ್ಸರ್ ಕೋಶ ಒಂದು ಎರಡಾಗಲು ಆ ನಳಿಕೆಗಳು ಬೇಕು. ನರಕೋಶಕ್ಕೂ ತನ್ನ ಉದ್ದನೆಯ ಎಳೆಯ ತುದಿಯವರೆಗೆ ಪೋಷಕಾಂಶ ಸಾಗಿಸಲು ಅವೇ ಬೇಕು. ಹಾಗಾಗಿ ಕಾಲಿನಿಂದ ಶುರುವಾದ ಪಾರ್ಶ್ವವಾಯು ಮೇಲೇರುತ್ತ ಉಸಿರಾಟದವರೆಗೆ ಬರುತ್ತದೆ. ತಕ್ಷಣ ದ್ರವ ಹೊರತೆಗೆದು ತೊಳೆದರೂ ಬದುಕಿದವರು ಬೆರಳೆಣಿಕೆಯಷ್ಟು.

ಇಷ್ಟು ಗೊತ್ತಿದ್ದೂ ತಪ್ಪು ಆಗುವುದೇಕೆ? ರಕ್ತದ ಮೂಲಕ ಕೊಟ್ಟ ವಿನ್‌ಕ್ರಿಸ್ಟಿನ್ ಮಿದುಳಿನ ಕಡೆಗೆ ಸರಿಯಾಗಿ ಹೋಗುವುದಿಲ್ಲ. ಅಲ್ಲಿ ಅವಿತ ಕ್ಯಾನ್ಸರಿಗಾಗಿ ಮೆಥೊಟ್ರೆಕ್ಸೇಟ್ ಅಥವಾ ಸೈಟರಾಬಿನ್ ಎಂಬ ಬೇರೆ ಔಷಧಿಯನ್ನು ಬೆನ್ನಿಗೆ ಚುಚ್ಚಿ ಕೊಡುತ್ತಾರೆ. ಅದೇ ರೋಗಿ, ಅದೇ ವಾರ್ಡು, ಎಷ್ಟೋ ಸಲ ಅದೇ ದಿನ. ವಿನ್‌ಕ್ರಿಸ್ಟಿನ್ ಡೋಸ್ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದು, ಅಂದರೆ 2 ಎಂ.ಎಲ್. ಬೆನ್ನಿನ ಔಷಧಿಯೂ ಸಣ್ಣ ಸಿರಿಂಜಿನಲ್ಲೇ ಬರುತ್ತದೆ. ಬಹಳ ಕಡೆ ಎರಡಕ್ಕೂ ಲ್ಯೂರ್ ಎಂಬ ಒಂದೇ ಅಳತೆಯ ಮೂತಿ, ಅದು ರಕ್ತನಾಳದ ಸೂಜಿಗೂ ಬೆನ್ನಿನ ಸೂಜಿಗೂ ಕೂರುತ್ತದೆ.

1985ರಿಂದ ಬ್ರಿಟನ್ನಿನಲ್ಲೇ ಬೆನ್ನಿನ ಇಂಜೆಕ್ಷನ್ ತಪ್ಪಿ ಕನಿಷ್ಠ 13 ಮಂದಿ ಸತ್ತಿದ್ದರು ಅಥವಾ ಪಾರ್ಶ್ವವಾಯುವಿಗೆ ಗುರಿಯಾಗಿದ್ದರು. 2001ರ ಕೊನೆಯೊಳಗೆ ಇದನ್ನು ಸೊನ್ನೆಗೆ ಇಳಿಸುತ್ತೇವೆಂದು ಅಲ್ಲಿನ ಆರೋಗ್ಯ ಇಲಾಖೆ 2000ದಲ್ಲಿ ಹೇಳಿತು. 2001ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 18ರ ಯುವಕನಿಗೆ ಅದೇ ತಪ್ಪು ಆಯಿತು. ಬೇರೆಬೇರೆಯಾಗಿ ಬರಬೇಕಿದ್ದ ಎರಡು ಔಷಧಿಗಳು ವಾರ್ಡಿಗೆ ಒಟ್ಟಿಗೆ ಬಂದಿದ್ದವು. ಮೇಲ್ವಿಚಾರಣೆಯ ವೈದ್ಯರು ಕೆಲಸಕ್ಕೆ ಸೇರಿ ಕೆಲವೇ ದಿನವಾಗಿತ್ತು. ಕಿರಿಯ ವೈದ್ಯರು ‘ವಿನ್‌ಕ್ರಿಸ್ಟಿನ್?’ ಎಂದು ಕೇಳಿದಾಗ ಹಿರಿಯರು ಹೌದೆಂದರು. ತನಿಖೆ ನಡೆಸಿದ ಪ್ರೊ. ಬ್ರಯನ್ ಟಾಫ್ಟ್, ಒಬ್ಬರ ಅಜಾಗರೂಕತೆಗಿಂತ ವ್ಯವಸ್ಥೆಯ ಸಾಲುಸಾಲು ಬಿರುಕುಗಳತ್ತ ಬೊಟ್ಟು ಮಾಡಿದರು.

ಆಮೇಲೆ ನಿಯಮಗಳು ಬಿಗಿಯಾದವು: ಹೆಸರು ನೋಂದಾಯಿಸಿದ ವೈದ್ಯರೇ ಬೆನ್ನಿಗೆ ಕೊಡಬೇಕು, ರಕ್ತನಾಳದ ಔಷಧಿ ಮುಗಿದ ಮೇಲೆಯೇ ಬೆನ್ನಿನದು ಫಾರ್ಮಸಿಯಿಂದ ಹೊರಡಬೇಕು. ಒಳ್ಳೆಯ ನಿಯಮಗಳೇ. ಆದರೆ ದಣಿದ ಕಣ್ಣು ಲೇಬಲ್ ಓದುವುದಿಲ್ಲ, ತನಗೆ ಬೇಕಾದದ್ದೇ ಅಲ್ಲಿದೆ ಅಂದುಕೊಳ್ಳುತ್ತದೆ. ಬೇರೆಯಾಗಿ ಕಾಣಲೆಂದು ವಿನ್‌ಕ್ರಿಸ್ಟಿನ್ ಅನ್ನು 20 ಎಂ.ಎಲ್.ಗೆ ತೆಳುಮಾಡಿದರೂ ಅದು ಇರುವುದು ಸಿರಿಂಜಿನಲ್ಲೇ, ಮೂತಿ ಅದೇ.

ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು ಸಾವಾದ ಮೇಲೆ, 2007ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿರಿಂಜನ್ನೇ ಬಿಡಿ, ಸಣ್ಣ ಡ್ರಿಪ್ ಬ್ಯಾಗಿನಲ್ಲಿ ಕೊಡಿ ಎಂದಿತು. 50 ಎಂ.ಎಲ್. ಬ್ಯಾಗನ್ನು ಬೆನ್ನಿನ ಸೂಜಿಗೆ ಸಿಕ್ಕಿಸಲು ಯಾರಿಗೂ ತೋಚುವುದಿಲ್ಲ. ಬ್ಯಾಗಿನಲ್ಲಿ ಕೊಟ್ಟರೆ ರಕ್ತನಾಳದಿಂದ ಔಷಧಿ ಸೋರಿ ಚರ್ಮ ಸುಡುತ್ತದೆಂಬ ದಾದಿಯರ ಅಳುಕು ನ್ಯಾಯವಾದದ್ದು. ಅದಕ್ಕೆ ಕೈಯ ನಾಳಕ್ಕೆ ಔಷಧಿ ತಳ್ಳುವ ಪಂಪ್ ಹಾಕಬಾರದು. ಮೊದಲು ರಕ್ತ ವಾಪಸ್ ಬರುತ್ತದೆಯೇ ನೋಡಬೇಕು, ಬ್ಯಾಗು ತಾನಾಗಿ 5ರಿಂದ 10 ನಿಮಿಷದಲ್ಲಿ ಇಳಿಯುವವರೆಗೆ ಪಕ್ಕದಲ್ಲೇ ನಿಂತಿರಬೇಕು.

ಮೂತಿಯ ಸಮಸ್ಯೆಗೆ ಉತ್ತರ 2016ರಲ್ಲಿ ಬಂತು. ಎನ್‌ಆರ್‌ಫಿಟ್ ಎಂಬ ಬೆನ್ನಿನ ಜೋಡಣೆ ಲ್ಯೂರ್‌ಗಿಂತ ಸುಮಾರು ಶೇ. 20ರಷ್ಟು ಸಣ್ಣ. ಸಾಮಾನ್ಯ ಸಿರಿಂಜು ಅದಕ್ಕೆ ಕೂರುವುದೇ ಇಲ್ಲ. ಆದರೆ ಅದಕ್ಕೆ ಸೂಜಿ, ಸಿರಿಂಜು, ಫಿಲ್ಟರ್ ಎಲ್ಲವನ್ನೂ ಬದಲಿಸಬೇಕು. ಬ್ಯಾಗಿಗೆ ಅಷ್ಟೊಂದು ಕಾಯಬೇಕಿಲ್ಲ. ಔಷಧಿ ಬೆರೆಸುವ ಕ್ಯಾಬಿನೆಟ್ಟಿನಲ್ಲೇ ಅದನ್ನು ಸಲೈನ್ ಬ್ಯಾಗಿಗೆ ಸೇರಿಸಿ ಕಳುಹಿಸಬೇಕು, ವಿನ್‌ಕ್ರಿಸ್ಟಿನ್ ತುಂಬಿದ ಸಿರಿಂಜು ವಾರ್ಡಿನ ಬಾಗಿಲು ದಾಟಲೇಬಾರದು.